ಕೊಳಚೆ ನೀರಿನಲ್ಲಿ ಸಿಕ್ಕ ಬ್ಯಾಕ್ಟೀರಿಯಾ ಹೊಸ ಪ್ರಭೇದವೇ? ಗುರುತಿಸುವುದು ಹೇಗೆ, ಹೆಸರಿಡುವುದು ಹೇಗೆ

"ಕೊಳಚೆ ನೀರಿನಿಂದ ಒಂದು ಬ್ಯಾಕ್ಟೀರಿಯಾ ಬೆಳೆಸಿದ್ದೇನೆ. ಬ್ಲಾಸ್ಟ್‌ನಲ್ಲಿ 98 ಪರ್ಸೆಂಟ್ ಹೋಲಿಕೆ ಬಂತು. ಇದು ಹೊಸ ಪ್ರಭೇದ ಅಲ್ವಾ?" ಪ್ರಾಜೆಕ್ಟ್ ಮಾಡುವವರು, ಪಿಎಚ್‌ಡಿ ಶುರು ಮಾಡಿದವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. (ಬ್ಲಾಸ್ಟ್ ಎಂದರೆ ಒಂದು ಡಿಎನ್‌ಎ ಸಾಲನ್ನು ಡೇಟಾಬೇಸ್‌ನಲ್ಲಿರುವ ಸಾಲುಗಳ ಜೊತೆ ಹೋಲಿಸುವ ಪ್ರೋಗ್ರಾಮ್.) ಹೊಸದು ಇರಬಹುದು. ಆದರೆ ಆ ಒಂದು ಅಂಕಿ ನೋಡಿ ಹೌದು ಎನ್ನಲಾಗದು. ಹೊಸದು ಎಂದರೆ ಯಾವುದಕ್ಕಿಂತ ಬೇರೆ, ಎಷ್ಟು ಬೇರೆ ಎಂದು ತೋರಿಸಬೇಕು. ಬೇರೆಯವರು ಅದೇ ಬ್ಯಾಕ್ಟೀರಿಯಾ ತರಿಸಿಕೊಂಡು ಪರೀಕ್ಷಿಸುವ ಹಾಗೂ ಇರಬೇಕು. ಈ ಲೇಖನ ಪೂರ್ತಿ ಆ ಕೆಲಸದ ಬಗ್ಗೆಯೇ.

ಮೊದಲು ನಾಲ್ಕು ಪದ ತಿಳಿದಿರಲಿ. ಒಂದೇ ಕೋಶದಿಂದ ಹುಟ್ಟಿ, ಬೆರಕೆಯಿಲ್ಲದೆ ಬೆಳೆದ ಬ್ಯಾಕ್ಟೀರಿಯಾ ಗುಂಪು ಒಂದು ತಳಿ. ತೀರಾ ಹತ್ತಿರದ ತಳಿಗಳು ಸೇರಿ ಒಂದು ಪ್ರಭೇದ. ಹತ್ತಿರದ ಪ್ರಭೇದಗಳು ಸೇರಿ ಒಂದು ಕುಲ. ನಾಲ್ಕನೆಯದು ಟೈಪ್ ಸ್ಟ್ರೈನ್. ಒಂದು ಪ್ರಭೇದಕ್ಕೆ ಹೆಸರಿಟ್ಟಾಗ ಆ ಹೆಸರಿಗೆ ಕಾಯಂ ಆಗಿ ಕಟ್ಟಿಟ್ಟ ತಳಿ ಅದು. ನೀವು ಮಾಡುವ ಎಲ್ಲ ಹೋಲಿಕೆಯೂ ಟೈಪ್ ಸ್ಟ್ರೈನ್‌ಗಳ ಜೊತೆಗೇ ನಡೆಯಬೇಕು.

ಬೇಕಾಗುವುದು: ಜೈವಿಕ ಸುರಕ್ಷತೆ ಹಂತ 2ರ ಪ್ರಯೋಗಾಲಯ, ಪಿಸಿಆರ್ ಯಂತ್ರ (ಡಿಎನ್‌ಎ ತುಣುಕಿನ ಪ್ರತಿಗಳನ್ನು ಮಾಡುವುದು), ಮೈನಸ್ 80 ಡಿಗ್ರಿ ಫ್ರೀಜರ್, ಸೀಕ್ವೆನ್ಸಿಂಗ್ (ಡಿಎನ್‌ಎ ಅಕ್ಷರಗಳನ್ನು ಓದುವ ಕೆಲಸ) ಮಾಡಿಕೊಡುವ ಒಂದು ಕೇಂದ್ರ, ಇಂಟರ್‌ನೆಟ್ ಇರುವ ಕಂಪ್ಯೂಟರ್. ಜೊತೆಗೆ ತಾಳ್ಮೆ. ಮಾದರಿ ತಂದ ದಿನದಿಂದ ಹೆಸರು ಪ್ರಕಟವಾಗುವವರೆಗೆ ಒಂದು ವರ್ಷ ಆರಾಮಾಗಿ ಹೋಗುತ್ತದೆ, ಹೆಚ್ಚೂ ಆಗಬಹುದು.

1. ಮಾದರಿ ತರುವುದು

ಕೊಳಚೆ ನೀರಿನಲ್ಲಿ ಟೈಫಾಯ್ಡ್, ಹೆಪಟೈಟಿಸ್ ಎ ಮುಂತಾದ ರೋಗಗಳ ಸೂಕ್ಷ್ಮಜೀವಿಗಳು ಇರಬಹುದು. ಗ್ಲೌಸ್, ಕನ್ನಡಕ, ಮಾಸ್ಕ್ ಇಲ್ಲದೆ ಕೈ ಹಾಕಬೇಡಿ. ಲಸಿಕೆಗಳ ಬಗ್ಗೆ ಮೊದಲೇ ವೈದ್ಯರನ್ನು ಕೇಳಿ. ನೀರು ಎರಚುವ, ಹನಿ ಹಾರುವ ಕೆಲಸವನ್ನೆಲ್ಲ ಬಯೋಸೇಫ್ಟಿ ಕ್ಯಾಬಿನೆಟ್ ಒಳಗೇ ಮಾಡಿ.

ಶುದ್ಧೀಕರಣ ಘಟಕದಲ್ಲಿ ಎಲ್ಲಿಂದ ತಂದಿರಿ ಎನ್ನುವುದು ಮುಖ್ಯ. ಒಳಬರುವ ಹಸಿ ಕೊಳಚೆ, ಗಾಳಿ ಊದುವ ತೊಟ್ಟಿಯ ಸ್ಲಡ್ಜ್ (ಕೆಸರು), ಗಾಳಿಯಿಲ್ಲದ ಡೈಜೆಸ್ಟರ್, ಹೊರಹೋಗುವ ನೀರು, ಇವು ನಾಲ್ಕೂ ಬೇರೆ ಬೇರೆ ಲೋಕ. ತಾರೀಕು, ಜಾಗದ ಅಕ್ಷಾಂಶ-ರೇಖಾಂಶ, ಉಷ್ಣಾಂಶ, ಪಿಎಚ್, ಕರಗಿದ ಆಮ್ಲಜನಕ, ಎಲ್ಲವನ್ನೂ ಅಲ್ಲೇ ನಿಂತು ಬರೆದುಕೊಳ್ಳಿ. ಈ ವಿವರಗಳು ಕೊನೆಗೆ ಪ್ರಬಂಧದಲ್ಲಿ ಬೇಕಾಗುತ್ತವೆ. ಆಮೇಲೆ ನೆನಪಿನಿಂದ ತುಂಬಲು ಆಗುವುದಿಲ್ಲ. ಕ್ಲೋರಿನ್ ಹಾಕಿದ ನೀರಾದರೆ ಬಾಟಲಿಯಲ್ಲಿ ಮೊದಲೇ ಸೋಡಿಯಂ ಥಯೊಸಲ್ಫೇಟ್ ಇರಬೇಕು, ಇಲ್ಲದಿದ್ದರೆ ದಾರಿಯಲ್ಲೇ ಕೋಶಗಳು ಸಾಯುತ್ತವೆ. 4 ಡಿಗ್ರಿಯಲ್ಲಿ ಸಾಗಿಸಿ, ಸಾಧ್ಯವಾದರೆ ಅದೇ ದಿನ ಕೆಲಸ ಶುರು ಮಾಡಿ.

ಇನ್ನೊಂದು ಮಾತು. ಘಟಕದವರ ಲಿಖಿತ ಅನುಮತಿ ಪಡೆಯಿರಿ. ನಿಮ್ಮ ದೇಶದ ಜೀವವೈವಿಧ್ಯ ಕಾನೂನು ಏನು ಹೇಳುತ್ತದೆ ಎಂದೂ ಈಗಲೇ ನೋಡಿಕೊಳ್ಳಿ. ಒಂಬತ್ತನೇ ಹಂತದಲ್ಲಿ ತಳಿಯನ್ನು ಹೊರದೇಶಕ್ಕೆ ಕಳಿಸಬೇಕಾಗುತ್ತದೆ. ಎಷ್ಟೋ ಜನರ ಕೆಲಸ ಅಲ್ಲಿಗೆ ಬಂದು ನಿಲ್ಲುವುದು ಈ ಕಾಗದಪತ್ರ ಇಲ್ಲದ್ದಕ್ಕೆ.

2. ಬೆಳೆಸುವುದು

ಸ್ಲಡ್ಜ್‌ನಲ್ಲಿ ಬ್ಯಾಕ್ಟೀರಿಯಾ ಬಿಡಿಬಿಡಿಯಾಗಿ ತೇಲುವುದಿಲ್ಲ, ಅಂಟಿನಂಥ ಪದಾರ್ಥದಲ್ಲಿ ಗುಂಪುಗುಂಪಾಗಿ ಕೂತಿರುತ್ತವೆ. ಈ ಗಂಟುಗಳಿಗೆ ಫ್ಲಾಕ್ ಎನ್ನುತ್ತಾರೆ. ಗಾಜಿನ ಮಣಿ ಹಾಕಿ ವೋರ್ಟೆಕ್ಸ್ ಮಾಡಿ (ಯಂತ್ರದಲ್ಲಿ ಜೋರಾಗಿ ಅಲುಗಾಡಿಸಿ), ಇಲ್ಲವೇ ಮೆಲ್ಲಗೆ ಸೋನಿಕೇಟ್ ಮಾಡಿ (ಶಬ್ದತರಂಗ ಹಾಯಿಸಿ) ಮೊದಲು ಅವನ್ನು ಒಡೆಯಿರಿ. ಒಡೆಯದೆ ಹರಡಿದರೆ ಒಂದು ಕಾಲೊನಿಯಲ್ಲಿ, ಅಂದರೆ ಪ್ಲೇಟಿನ ಮೇಲೆ ಕಣ್ಣಿಗೆ ಕಾಣುವ ಬ್ಯಾಕ್ಟೀರಿಯಾ ಚುಕ್ಕೆಯಲ್ಲಿ, ಐದಾರು ಬಗೆಯ ಬ್ಯಾಕ್ಟೀರಿಯಾ ಇರುತ್ತವೆ. ಆಮೇಲೆ ಹತ್ತು ಪಟ್ಟು ಹತ್ತು ಪಟ್ಟಾಗಿ ತೆಳು ಮಾಡುತ್ತಾ ಹೋಗಿ, ಪ್ರತಿ ತೆಳುವಿನಿಂದ 100 ಮೈಕ್ರೊಲೀಟರ್ ಪ್ಲೇಟಿಗೆ ಹರಡಿ.

ಮೀಡಿಯಂ ಅಂದರೆ ಬ್ಯಾಕ್ಟೀರಿಯಾಗೆ ಕೊಡುವ ಊಟ. ಇಲ್ಲಿ ಹೊಸಬರು ಎಡವುವುದು ಜಾಸ್ತಿ. ನ್ಯೂಟ್ರಿಯೆಂಟ್ ಅಗಾರ್ ಥರದ ಸಮೃದ್ಧ ಮೀಡಿಯಂನಲ್ಲಿ ಒಂದೇ ರಾತ್ರಿಗೆ ಬೆಳೆಯುವ, ಎಲ್ಲರಿಗೂ ಗೊತ್ತಿರುವ ಪ್ರಭೇದಗಳು ಪ್ಲೇಟ್ ಪೂರ್ತಿ ಆವರಿಸುತ್ತವೆ. ಹೊಸದು ಸಿಗುವುದು ನಿಧಾನಕ್ಕೆ ಬೆಳೆಯುವವುಗಳಲ್ಲಿ. ಅದಕ್ಕೇ ಆರ್2ಎ ಅಗಾರ್ ಬಳಸಿ. 1985ರಲ್ಲಿ ಕುಡಿಯುವ ನೀರಿನ ಬ್ಯಾಕ್ಟೀರಿಯಾ ಎಣಿಸಲು ರೂಪಿಸಿದ, ಪೋಷಕಾಂಶ ಕಡಿಮೆ ಇರುವ ಮೀಡಿಯಂ ಇದು. ಅದನ್ನೂ ಹತ್ತು ಪಟ್ಟು ತೆಳು ಮಾಡಿ ಒಂದು ಸೆಟ್ ಇಡಿ. 37 ಡಿಗ್ರಿ ಬೇಡ. 20ರಿಂದ 28 ಡಿಗ್ರಿಯಲ್ಲಿ ಎರಡರಿಂದ ನಾಲ್ಕು ವಾರ ಇಡಿ, ಒಣಗದ ಹಾಗೆ ಪ್ಲೇಟುಗಳನ್ನು ಮುಚ್ಚಿಡಿ. ಮೂರನೇ ದಿನ ಕಾಣುವ ಕಾಲೊನಿಗಳಿಗೆ ಪ್ಲೇಟಿನ ಹಿಂಭಾಗದಲ್ಲಿ ಗುರುತು ಹಾಕಿ. ಎರಡನೇ ವಾರ ಗುರುತಿಲ್ಲದ ಸಣ್ಣ ಕಾಲೊನಿಗಳು ಕಾಣುತ್ತವಲ್ಲ, ನಿಮ್ಮ ಆಸಕ್ತಿ ಅವುಗಳ ಮೇಲಿರಲಿ.

ಹೆಚ್ಚು ಜನರಿಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಫಾಸ್ಫೇಟ್ ಮತ್ತು ಮೀಡಿಯಂ ಗಟ್ಟಿಯಾಗಿಸುವ ಅಗಾರ್ ಎರಡನ್ನೂ ಒಟ್ಟಿಗೇ ಆಟೊಕ್ಲೇವ್ ಮಾಡಿದರೆ (ಒತ್ತಡದ ಹಬೆಯಲ್ಲಿ ಕಾಯಿಸಿ ಕ್ರಿಮಿಶುದ್ಧ ಮಾಡಿದರೆ) ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಸೂಕ್ಷ್ಮ ಸ್ವಭಾವದ ಬ್ಯಾಕ್ಟೀರಿಯಾ ಅದನ್ನು ತಾಳುವುದಿಲ್ಲ. ಎರಡನ್ನೂ ಬೇರೆ ಬೇರೆ ಆಟೊಕ್ಲೇವ್ ಮಾಡಿ, ಪ್ಲೇಟ್ ಸುರಿಯುವ ಮುನ್ನ ಬೆರೆಸಿ. ಇಷ್ಟೇ ಬದಲಾವಣೆಗೆ ಕಾಣದಿದ್ದ ಕಾಲೊನಿಗಳು ಕಾಣಿಸಿಕೊಳ್ಳಬಹುದು. ಅಗಾರ್ ಬದಲು ಜೆಲ್ಲನ್ ಗಮ್ ಬಳಸಿಯೂ ನೋಡಬಹುದು.

3. ಶುದ್ಧ ಮಾಡುವುದು, ಕಾಪಿಡುವುದು

ಒಂದು ಕಾಲೊನಿ ಎತ್ತಿ ಹೊಸ ಪ್ಲೇಟಿನಲ್ಲಿ ಗೆರೆ ಎಳೆಯಿರಿ. ಅದರಿಂದ ಬಿಡಿ ಕಾಲೊನಿ ಎತ್ತಿ ಮತ್ತೆ ಎಳೆಯಿರಿ. ಕಡಿಮೆ ಎಂದರೂ ಮೂರು ಸಲ. ಅಂಟಂಟಾದ ಕಾಲೊನಿಯಾದರೆ ಐದು ಸಲವೂ ಬೇಕಾಗಬಹುದು. ಲೋಳೆಯೊಳಗೆ ಇನ್ನೊಂದು ಬ್ಯಾಕ್ಟೀರಿಯಾ ಅಡಗಿ ಕೂರುವುದು ಕೊಳಚೆ ಮಾದರಿಗಳಲ್ಲಿ ತೀರಾ ಸಾಮಾನ್ಯ. ಮೈಕ್ರೊಸ್ಕೋಪಿನಲ್ಲಿ ಎಲ್ಲ ಕೋಶಗಳೂ ಒಂದೇ ಥರ ಕಂಡರೆ ಮುಂದೆ ಹೋಗಿ.

ಶುದ್ಧವಾದ ತಕ್ಷಣ 15ರಿಂದ 20 ಪರ್ಸೆಂಟ್ ಗ್ಲಿಸರಾಲ್‌ನಲ್ಲಿ ನಾಲ್ಕೈದು ವಯಲ್ ಮಾಡಿ ಮೈನಸ್ 80 ಡಿಗ್ರಿಗೆ ಹಾಕಿ. ಒಂದು ವಯಲ್ ವಾರದ ಬಳಿಕ ತೆಗೆದು, ಮತ್ತೆ ಬೆಳೆಯುತ್ತದೆಯೇ ನೋಡಿ. ಎಲ್ಲ ತಳಿಗಳೂ ಹೆಪ್ಪುಗಟ್ಟಿ ಬದುಕುವುದಿಲ್ಲ.

4. 16ಎಸ್ ಜೀನ್ ಓದುವುದು

ಎಲ್ಲ ಬ್ಯಾಕ್ಟೀರಿಯಾದಲ್ಲೂ ಪ್ರೊಟೀನ್ ತಯಾರಿಸುವ ರೈಬೋಸೋಮ್ ಇರುತ್ತದೆ. ಅದರ ಒಂದು ಭಾಗಕ್ಕೆ ನಕ್ಷೆಯಾಗಿರುವ ಜೀನ್ 16ಎಸ್ ಆರ್‌ಆರ್‌ಎನ್‌ಎ ಜೀನ್. ಉದ್ದ ಸುಮಾರು 1,500 ಬೇಸ್, ಅಂದರೆ ಡಿಎನ್‌ಎ ಅಕ್ಷರ. ಕೆಲವು ತುಣುಕುಗಳು ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ, ಕೆಲವು ಬೇಗ ಬದಲಾಗುತ್ತವೆ. ಹಾಗಾಗಿ ಸಂಬಂಧ ಅಳೆಯಲು ಅನುಕೂಲ. 27ಎಫ್ ಮತ್ತು 1492ಆರ್ ಎಂಬ ಪ್ರೈಮರ್ ಜೋಡಿ (ಪ್ರತಿ ಎಲ್ಲಿಂದ ಶುರು ಎಂದು ತೋರಿಸುವ ಚಿಕ್ಕ ಡಿಎನ್‌ಎ ತುಣುಕುಗಳು) ಹಾಕಿ ಪಿಸಿಆರ್ ಮಾಡಿದರೆ ಜೀನ್ ಬಹುಪಾಲು ಸಿಗುತ್ತದೆ. ಎರಡೂ ಕಡೆಯಿಂದ ಸೀಕ್ವೆನ್ಸ್ ಮಾಡಿಸಿ, ಜೋಡಿಸಿ, ತುದಿಗಳಲ್ಲಿ ಅಸ್ಪಷ್ಟವಾಗಿರುವ ಅಕ್ಷರಗಳನ್ನು ಕತ್ತರಿಸಿ.

ಸಿಕ್ಕ ಸೀಕ್ವೆನ್ಸನ್ನು ಇಝ್‌ಬಯೋಕ್ಲೌಡ್ ಎಂಬ ಜಾಲತಾಣದಲ್ಲಿ ಹಾಕಿ, ಅಥವಾ ಎನ್‌ಸಿಬಿಐ ಬ್ಲಾಸ್ಟ್‌ನಲ್ಲಿ ಟೈಪ್ ಸ್ಟ್ರೈನ್‌ಗಳನ್ನು ಮಾತ್ರ ಹುಡುಕುವ ಆಯ್ಕೆ ಬಳಸಿ. ಸುಮ್ನೆ ಬ್ಲಾಸ್ಟ್ ಮಾಡಿದರೆ ಮೇಲೆ ಬರುವುದು ಹೆಸರಿಲ್ಲದ, ಯಾರೂ ಬೆಳೆಸದ ಬ್ಯಾಕ್ಟೀರಿಯಾಗಳ ಸಾಲು. ಅವುಗಳ ಜೊತೆ 100 ಪರ್ಸೆಂಟ್ ಹೋಲಿಕೆ ಬಂದರೂ ನಿಮ್ಮ ಪ್ರಶ್ನೆಗೆ ಅದು ಉತ್ತರವಲ್ಲ.

ಈಗ ಅಂಕಿಗೆ ಬರೋಣ. ಹಳೆಯ ಪುಸ್ತಕಗಳಲ್ಲಿ 97 ಪರ್ಸೆಂಟ್ ಗಡಿ ಕಾಣುತ್ತೀರಿ. ಈಗ ಬಳಕೆಯಲ್ಲಿರುವುದು 98.7, ಅಥವಾ ಇನ್ನೂ ನಿಖರವಾಗಿ 98.65 ಪರ್ಸೆಂಟ್. ಅತಿ ಹತ್ತಿರದ ಟೈಪ್ ಸ್ಟ್ರೈನ್ ಜೊತೆಗಿನ ಹೋಲಿಕೆ ಇದಕ್ಕಿಂತ ಕಡಿಮೆ ಇದ್ದರೆ ಹೊಸ ಪ್ರಭೇದವಾಗುವ ಸಾಧ್ಯತೆ ಬಲವಾಗಿದೆ. ಸುಮಾರು 94.5 ಪರ್ಸೆಂಟ್‌ಗಿಂತ ಕೆಳಗಿದ್ದರೆ ಹೊಸ ಕುಲವೇ ಇರಬಹುದು.

ಮೂರು ಎಚ್ಚರಿಕೆ ಹೇಳಲೇಬೇಕು. 1,500 ಅಕ್ಷರಗಳಲ್ಲಿ 1.35 ಪರ್ಸೆಂಟ್ ಎಂದರೆ ಬರೀ 20 ಅಕ್ಷರ. ಕತ್ತರಿಸದೆ ಬಿಟ್ಟ ಕೆಟ್ಟ ತುದಿಯೊಂದೇ ಅಷ್ಟು ತಪ್ಪು ತರಬಲ್ಲದು. ಹಾಗಾಗಿ ಸೀಕ್ವೆನ್ಸಿಂಗ್ ಯಂತ್ರ ಕೊಡುವ ಗ್ರಾಫಿನ ಏರಿಳಿತಗಳನ್ನು ಕಣ್ಣಾರೆ ನೋಡದೆ ಯಾವ ಅಂಕಿಯನ್ನೂ ನಂಬಬೇಡಿ. ಎರಡನೆಯದು, 400–500 ಅಕ್ಷರಗಳ ತುಣುಕಿನಿಂದ ಪ್ರಭೇದ ತೀರ್ಮಾನಿಸಲಾಗದು. ಮೂರನೆಯದು ಇದಕ್ಕೆ ತಿರುಗಾಮುರುಗಾ: ಹೋಲಿಕೆ 99 ದಾಟಿದರೂ ಪ್ರಭೇದ ಬೇರೆಯಾಗಿರಬಹುದು. ಬ್ಯಾಸಿಲಸ್ ಸೀರಿಯಸ್ ಗುಂಪಿನ ಪ್ರಭೇದಗಳಲ್ಲಿ 16ಎಸ್ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. 16ಎಸ್ ನಿಮ್ಮನ್ನು ಸರಿಯಾದ ಓಣಿಗೆ ತಂದು ಬಿಡುತ್ತದೆ, ಮನೆ ಯಾವುದೆಂದು ಹೇಳುವುದಿಲ್ಲ.

5. ವಂಶವೃಕ್ಷ ಬರೆಯುವುದು

ಹತ್ತಿರದ ಟೈಪ್ ಸ್ಟ್ರೈನ್‌ಗಳ ಸೀಕ್ವೆನ್ಸ್‌ಗಳನ್ನೆಲ್ಲ ಸೇರಿಸಿ, ಮೆಗಾ ಥರದ ಉಚಿತ ಸಾಫ್ಟ್‌ವೇರ್‌ನಲ್ಲಿ ಸಾಲಾಗಿ ಹೊಂದಿಸಿ ವೃಕ್ಷ ಬರೆಯಿರಿ. ನೇಬರ್ ಜಾಯ್ನಿಂಗ್, ಮ್ಯಾಕ್ಸಿಮಮ್ ಲೈಕ್ಲಿಹುಡ್ ಎಂದು ಲೆಕ್ಕ ಹಾಕುವ ಬೇರೆ ಬೇರೆ ವಿಧಾನಗಳಿವೆ. ಕನಿಷ್ಠ ಎರಡರಲ್ಲಿ ಮಾಡಿ, ನಿಮ್ಮ ತಳಿ ಎರಡರಲ್ಲೂ ಒಂದೇ ಕೊಂಬೆಯಲ್ಲಿ ಕೂರುತ್ತದೆಯೇ ನೋಡಿ. ಕೊಂಬೆ ಎಷ್ಟು ಗಟ್ಟಿ ಎಂದು ಹೇಳುವ ಅಂಕಿಗೆ ಬೂಟ್‌ಸ್ಟ್ರಾಪ್ ಎನ್ನುತ್ತಾರೆ. 1,000 ಸಲ ಮರುಲೆಕ್ಕ ಮಾಡಿಸಿ, 70ಕ್ಕಿಂತ ಕಡಿಮೆ ಬಂದ ಕೊಂಬೆಯ ಮೇಲೆ ವಾದ ಕಟ್ಟಬೇಡಿ. ತನಗೆ ಅನುಕೂಲವಾದ ನಾಲ್ಕೇ ಪ್ರಭೇದ ಸೇರಿಸಿ ವೃಕ್ಷ ಬರೆದರೆ ಪತ್ರಿಕೆಯ ವಿಮರ್ಶಕರು ತಕ್ಷಣ ಹಿಡಿಯುತ್ತಾರೆ. ಆ ಕುಲದ ಹತ್ತಿರದ ಪ್ರಭೇದಗಳೆಲ್ಲ ಇರಲಿ.

6. ಇಡೀ ಜೀನೋಮ್ ಹೋಲಿಸುವುದು

ಈಗಿನ ಕಾಲದಲ್ಲಿ ತೀರ್ಪು ಸಿಗುವುದು ಇಲ್ಲಿ. ಸಮಯ, ಹಣ ಎಲ್ಲಿ ಜಾಸ್ತಿ ಹಾಕಬೇಕು ಎಂದು ಕೇಳಿದರೆ ಈ ಹಂತಕ್ಕೆ ಹಾಕಿ ಎನ್ನುತ್ತೇನೆ.

ಶುದ್ಧ ಕಲ್ಚರ್‌ನಿಂದ (ಬೆಳೆಸಿದ ತಳಿಯಿಂದ) ಡಿಎನ್‌ಎ ತೆಗೆದು ಪೂರ್ತಿ ಜೀನೋಮ್, ಅಂದರೆ ಅದರ ಡಿಎನ್‌ಎ ಎಲ್ಲವನ್ನೂ, ಸೀಕ್ವೆನ್ಸ್ ಮಾಡಿಸಿ. ಪ್ರತಿ ಅಕ್ಷರವನ್ನೂ ಸರಾಸರಿ 50 ಸಲವಾದರೂ ಓದಿರಬೇಕು. ಜೋಡಿಸಿದ ಜೀನೋಮನ್ನು ಚೆಕ್‌ಎಂ ಎಂಬ ಪ್ರೋಗ್ರಾಮಿನಲ್ಲಿ ಪರೀಕ್ಷಿಸಿ. ಜೀನೋಮ್ ಎಷ್ಟು ಪೂರ್ತಿಯಾಗಿದೆ, ಬೇರೆಯದು ಎಷ್ಟು ಬೆರೆತಿದೆ ಎಂದು ಅದು ಹೇಳುತ್ತದೆ. ಬೆರಕೆ 5 ಪರ್ಸೆಂಟ್ ದಾಟಿದರೆ ಮೂರನೇ ಹಂತಕ್ಕೆ ವಾಪಸ್ ಹೋಗಿ. ಅದಕ್ಕೆ ಅಡ್ಡದಾರಿ ಇಲ್ಲ. ಜೀನೋಮಿನೊಳಗಿನ 16ಎಸ್ ತೆಗೆದು, ನಾಲ್ಕನೇ ಹಂತದಲ್ಲಿ ಓದಿಸಿದ ಸೀಕ್ವೆನ್ಸ್ ಜೊತೆ ಹೋಲಿಸಿ. ಎರಡೂ ಹೊಂದದಿದ್ದರೆ ಎಲ್ಲೋ ಟ್ಯೂಬ್ ಅದಲು ಬದಲಾಗಿದೆ ಎಂದೇ ತಿಳಿಯಿರಿ.

ಎರಡು ಅಳತೆ ಬೇಕು. ಮೊದಲನೆಯದು ಎಎನ್‌ಐ: ಎರಡು ಜೀನೋಮ್‌ಗಳಲ್ಲಿ ಸಮಾನವಾಗಿರುವ ಭಾಗಗಳು ಅಕ್ಷರಕ್ಕೆ ಅಕ್ಷರ ಸರಾಸರಿ ಎಷ್ಟು ಹೊಂದುತ್ತವೆ ಎನ್ನುವ ಅಂಕಿ. ಪ್ರಭೇದದ ಗಡಿ 95–96 ಪರ್ಸೆಂಟ್. ಎರಡನೆಯದು ಡಿಜಿಟಲ್ ಡಿಎನ್‌ಎ-ಡಿಎನ್‌ಎ ಹೈಬ್ರಿಡೈಸೇಶನ್. ಹಿಂದೆ ಎರಡು ತಳಿಗಳ ಡಿಎನ್‌ಎಯನ್ನು ಟ್ಯೂಬಿನಲ್ಲಿ ಬೆರೆಸಿ, ಎಷ್ಟು ಅಂಟಿಕೊಳ್ಳುತ್ತದೆ ಎಂದು ಅಳೆಯುತ್ತಿದ್ದರು. 1987ರಲ್ಲಿ ತಜ್ಞರ ಸಮಿತಿಯೊಂದು 70 ಪರ್ಸೆಂಟ್ ಗಡಿ ಹಾಕಿತು. ಈಗ ಅದೇ ಲೆಕ್ಕವನ್ನು ಕಂಪ್ಯೂಟರ್ ಮಾಡುತ್ತದೆ, ಗಡಿ ಮಾತ್ರ ಅದೇ 70. ಜರ್ಮನಿಯ ಡಿಎಸ್‌ಎಂಝೆಡ್ ಸಂಸ್ಥೆಯ ಟಿವೈಜಿಎಸ್ ಜಾಲತಾಣಕ್ಕೆ ಜೀನೋಮ್ ಹಾಕಿದರೆ ಹತ್ತಿರದ ಟೈಪ್ ಸ್ಟ್ರೈನ್‌ಗಳನ್ನು ತಾನೇ ಹುಡುಕಿ ಈ ಲೆಕ್ಕ ಕೊಡುತ್ತದೆ, ಉಚಿತವಾಗಿ.

ಹತ್ತಿರದ ಎಲ್ಲ ಟೈಪ್ ಸ್ಟ್ರೈನ್‌ಗಳ ಜೊತೆ ಎಎನ್‌ಐ 95ಕ್ಕಿಂತ ಕೆಳಗೆ, ಡಿಜಿಟಲ್ ಅಳತೆ 70ಕ್ಕಿಂತ ಕೆಳಗೆ ಇದ್ದರೆ ನಿಮ್ಮದು ಹೊಸ ಪ್ರಭೇದ ಎನ್ನಲು ಗಟ್ಟಿ ಆಧಾರ ಸಿಕ್ಕಿತು. 95 ಮತ್ತು 96ರ ನಡುವೆ ಬಂದರೆ ಆತುರ ಬೇಡ. ಅಲ್ಲಿ ಮುಂದಿನ ಎರಡು ಹಂತಗಳು ನಿರ್ಧರಿಸುತ್ತವೆ. ಹತ್ತಿರದ ಪ್ರಭೇದದ ಜೀನೋಮ್ ಡೇಟಾಬೇಸ್‌ನಲ್ಲಿ ಇಲ್ಲದಿದ್ದರೆ ಬಿಟ್ಟು ಮುಂದೆ ಹೋಗುವಂತಿಲ್ಲ. ಆ ಟೈಪ್ ಸ್ಟ್ರೈನ್ ತರಿಸಿ ನೀವೇ ಸೀಕ್ವೆನ್ಸ್ ಮಾಡಿಸಬೇಕು.

7. ಗುಣಲಕ್ಷಣ ಪರೀಕ್ಷೆ

ಗ್ರಾಮ್ ಬಣ್ಣ (ಬಣ್ಣ ಹಾಕಿ ಪಾಸಿಟಿವ್, ನೆಗೆಟಿವ್ ಎಂದು ಎರಡು ಗುಂಪು ಮಾಡುವುದು), ಆಕಾರ, ಚಲನೆ, ಕೆಟಲೇಸ್, ಆಕ್ಸಿಡೇಸ್ ಎಂಬ ಕಿಣ್ವಗಳು, ಯಾವ ಸಕ್ಕರೆ ತಿನ್ನುತ್ತದೆ, ಯಾವ ಆಂಟಿಬಯಾಟಿಕ್‌ಗೆ ಬಗ್ಗುತ್ತದೆ, ಎಷ್ಟು ಉಷ್ಣಾಂಶ, ಪಿಎಚ್, ಉಪ್ಪು ತಾಳುತ್ತದೆ: ಪಟ್ಟಿ ಉದ್ದ. ಎಪಿಐ, ಬಯೋಲಾಗ್ ಥರದ ಸಿದ್ಧ ಕಿಟ್‌ಗಳು ಕೆಲಸ ಹಗುರ ಮಾಡುತ್ತವೆ.

ಇಲ್ಲಿ ಬಿಡಲಾಗದ ನಿಯಮ ಒಂದು: ಹತ್ತಿರದ ಪ್ರಭೇದಗಳ ಟೈಪ್ ಸ್ಟ್ರೈನ್‌ಗಳನ್ನು ತರಿಸಿ, ನಿಮ್ಮ ತಳಿಯ ಪಕ್ಕದಲ್ಲೇ, ಅದೇ ಮೀಡಿಯಂನಲ್ಲಿ, ಅದೇ ದಿನ ಪರೀಕ್ಷಿಸಿ. ಹಳೆಯ ಪ್ರಬಂಧದ ಕೋಷ್ಟಕದಿಂದ ಪ್ಲಸ್-ಮೈನಸ್ ಎತ್ತಿ ಹೋಲಿಸಿದರೆ, ಕಾಣುವ ವ್ಯತ್ಯಾಸ ಬ್ಯಾಕ್ಟೀರಿಯಾದ್ದೋ ಪ್ರಯೋಗಾಲಯದ್ದೋ ಯಾರಿಗೂ ಗೊತ್ತಾಗುವುದಿಲ್ಲ.

ಸಣ್ಣ ಸಣ್ಣ ತಪ್ಪುಗಳೂ ದಾರಿ ತಪ್ಪಿಸುತ್ತವೆ. ಹಳೆಯ ಕಲ್ಚರ್‌ನಲ್ಲಿ ಗ್ರಾಮ್ ಪಾಸಿಟಿವ್ ಕೋಶಗಳು ನೆಗೆಟಿವ್ ಥರ ಕಾಣುತ್ತವೆ, ಚುರುಕಾಗಿ ಬೆಳೆಯುತ್ತಿರುವ ಹೊಸ ಕಲ್ಚರನ್ನೇ ಬಳಸಿ. ಆಕ್ಸಿಡೇಸ್ ಪರೀಕ್ಷೆಗೆ ನೈಕ್ರೋಮ್ ತಂತಿ ಬಳಸಿದರೆ ಸುಳ್ಳು ಪಾಸಿಟಿವ್ ಬರುತ್ತದೆ, ಪ್ಲಾಸ್ಟಿಕ್ ಲೂಪ್ ಇಲ್ಲವೇ ಮರದ ಕಡ್ಡಿ ಒಳ್ಳೆಯದು. ದ್ರವದಲ್ಲಿ ಕೋಶ ನಿಂತಲ್ಲೇ ನಡುಗುವುದು ಚಲನೆ ಅಲ್ಲ.

8. ರಾಸಾಯನಿಕ ಗುರುತುಗಳು

ಕೋಶಪೊರೆಯ ಕೊಬ್ಬಿನಾಮ್ಲಗಳು, ಪೋಲಾರ್ ಲಿಪಿಡ್‌ಗಳು, ಉಸಿರಾಟಕ್ಕೆ ಬೇಕಾದ ಕ್ವಿನೋನ್‌ಗಳು, ಇವುಗಳ ಪಟ್ಟಿಯನ್ನೂ ವಿಮರ್ಶಕರು ಕೇಳುತ್ತಾರೆ. ಸೌಲಭ್ಯ ಇಲ್ಲದಿದ್ದರೆ ಸೇವೆ ಕೊಡುವ ಕೇಂದ್ರಗಳಿಗೆ ಒಣಗಿಸಿದ ಕೋಶ ಕಳಿಸಬಹುದು. ಕೊಬ್ಬಿನಾಮ್ಲದ ಪ್ರಮಾಣ ಉಷ್ಣಾಂಶ ಮತ್ತು ಕಲ್ಚರ್ ವಯಸ್ಸಿನ ಜೊತೆ ಬದಲಾಗುತ್ತದೆ. ಹಾಗಾಗಿ ಹೋಲಿಸುವ ತಳಿಗಳನ್ನೂ ಅದೇ ಸ್ಥಿತಿಯಲ್ಲಿ ಬೆಳೆಸಿ. ಕ್ವಿನೋನ್ ಒಂದು ಒಳ್ಳೆಯ ತಪಾಸಣೆಯೂ ಹೌದು. ಆಲ್ಫಾ ಪ್ರೋಟಿಯೊಬ್ಯಾಕ್ಟೀರಿಯಾದಲ್ಲಿ ಸಾಮಾನ್ಯವಾಗಿ ಕ್ಯು-10 ಎಂಬ ಕ್ವಿನೋನ್, ಬೀಟಾ ಗುಂಪಿನಲ್ಲಿ ಕ್ಯು-8, ಫ್ಲೇವೊಬ್ಯಾಕ್ಟೀರಿಯೇಸಿ ಕುಟುಂಬದಲ್ಲಿ ಎಂಕೆ-6 ಇರುತ್ತದೆ. ವಂಶವೃಕ್ಷ ಒಂದು ಹೇಳಿ ಕ್ವಿನೋನ್ ಇನ್ನೊಂದು ಹೇಳಿದರೆ ಕಲ್ಚರ್ ಬೆರಕೆಯಾಗಿದೆಯೇ ಎಂದು ಮೊದಲು ನೋಡಿ.

9. ಎರಡು ದೇಶಗಳಲ್ಲಿ ಠೇವಣಿ

ಅಂತರರಾಷ್ಟ್ರೀಯ ನಿಯಮದ ಪ್ರಕಾರ ಟೈಪ್ ಸ್ಟ್ರೈನ್ ಎರಡು ಬೇರೆ ದೇಶಗಳ ಕನಿಷ್ಠ ಎರಡು ಸಾರ್ವಜನಿಕ ಸಂಗ್ರಹಗಳಲ್ಲಿ ಇರಬೇಕು. ಜರ್ಮನಿಯ ಡಿಎಸ್‌ಎಂಝೆಡ್, ಜಪಾನಿನ ಜೆಸಿಎಂ, ಕೊರಿಯಾದ ಕೆಸಿಟಿಸಿ, ಬೆಲ್ಜಿಯಂನ ಎಲ್‌ಎಂಜಿ, ಭಾರತದ ಎಂಟಿಸಿಸಿ ಇಂಥವು. ಅವರು ತಳಿಯನ್ನು ಪರೀಕ್ಷಿಸಿ, ಬೆಳೆಸಿ, ನಂಬರ್ ಮತ್ತು ಪ್ರಮಾಣಪತ್ರ ಕೊಡುತ್ತಾರೆ. ಇದಕ್ಕೆ ತಿಂಗಳುಗಳೇ ಹಿಡಿಯಬಹುದು, ಆದ್ದರಿಂದ ಜೀನೋಮ್ ಫಲಿತಾಂಶ ಬಂದ ಕೂಡಲೇ ಅರ್ಜಿ ಹಾಕಿ.

ತಳಿ ಯಾರು ಕೇಳಿದರೂ ಸಿಗುವಂತಿರಬೇಕು. ಪೇಟೆಂಟಿಗೆಂದು ಮಾತ್ರ ಇಟ್ಟ ಅಥವಾ ಹಂಚಬಾರದು ಎಂಬ ಷರತ್ತಿನ ಠೇವಣಿ ನಡೆಯುವುದಿಲ್ಲ. ಸಂಗ್ರಹದವರು ತಾವು ಬೆಳೆಸಿದ ಮಾದರಿಯನ್ನು ನೋಡಲು ವಾಪಸ್ ಕಳಿಸಿದರೆ, ಅದರ 16ಎಸ್ ಮತ್ತೆ ಓದಿಸಿ ನಿಮ್ಮದೇ ತಳಿ ಎಂದು ಖಚಿತ ಮಾಡಿಕೊಳ್ಳಿ.

10. ಹೆಸರು ಮತ್ತು ಪ್ರಕಟಣೆ

ಹೆಸರು ಲ್ಯಾಟಿನ್ ರೂಪದಲ್ಲಿರಬೇಕು. ಮೊದಲ ಭಾಗ ಕುಲ, ಎರಡನೆಯದು ಪ್ರಭೇದ. ಎರಡನೇ ಭಾಗ ಗುಣವಾಚಕವಾದರೆ ಅದರ ಲಿಂಗ ಕುಲದ ಹೆಸರಿನ ಲಿಂಗಕ್ಕೆ ಹೊಂದಬೇಕು. ವ್ಯಾಕರಣ ತಪ್ಪುಗಳು ತುಂಬಾ ಆಗುವುದರಿಂದ ಲ್ಯಾಟಿನ್ ಬಲ್ಲವರಿಗೆ ತೋರಿಸಿ. ತಮ್ಮದೇ ಹೆಸರನ್ನು ಇಡುವುದು ಸಂಪ್ರದಾಯವಲ್ಲ. ಆ ಹೆಸರು ಈಗಾಗಲೇ ಇದೆಯೇ ಎಂದು ಎಲ್‌ಪಿಎಸ್‌ಎನ್ ಎಂಬ ಹೆಸರುಗಳ ಪಟ್ಟಿಯಲ್ಲಿ ಹುಡುಕಿ. ಮೇಲಿನ ವರ್ಗಗಳ ಹೆಸರುಗಳೂ ಅಲ್ಲೇ ಸಿಗುತ್ತವೆ. 2021ರಲ್ಲಿ ಫೈಲಮ್‌ಗಳ (ಕುಲಕ್ಕಿಂತ ಎಷ್ಟೋ ಮೇಲಿನ ದೊಡ್ಡ ವರ್ಗಗಳ) ಹೆಸರು ಬದಲಾದವು: ಪ್ರೋಟಿಯೊಬ್ಯಾಕ್ಟೀರಿಯಾ ಈಗ ಸ್ಯೂಡೊಮೊನಾಡೋಟ, ಫರ್ಮಿಕ್ಯೂಟ್ಸ್ ಈಗ ಬ್ಯಾಸಿಲ್ಲೋಟ.

ಹೆಸರು ಅಧಿಕೃತವಾಗುವುದು ಐಜೆಎಸ್‌ಇಎಂ ಎಂಬ ಪತ್ರಿಕೆಯಲ್ಲಿ. ಬೇರೆ ಪತ್ರಿಕೆಯಲ್ಲಿ ಪ್ರಬಂಧ ಬಂದರೂ ಪರವಾಗಿಲ್ಲ, ಆದರೆ ಪ್ರಮಾಣಪತ್ರಗಳ ಜೊತೆ ಐಜೆಎಸ್‌ಇಎಂಗೆ ಕಳಿಸಿ ಅದರ ಮಾನ್ಯತಾ ಪಟ್ಟಿಗೆ ಸೇರಿಸಬೇಕು. ಪ್ರಬಂಧ ಬಂತಲ್ಲ, ಸಾಕು ಎಂದು ಈ ಕೊನೆ ಹೆಜ್ಜೆ ಬಿಟ್ಟರೆ ಹೆಸರು ಮಾನ್ಯವಾಗದೆ ಉಳಿಯುತ್ತದೆ.

ಬೆಳೆಯದೇ ಇದ್ದರೆ?

ಸ್ಲಡ್ಜ್‌ನಲ್ಲಿ ಅತಿ ಮುಖ್ಯವಾದ ಕೆಲವು ಬ್ಯಾಕ್ಟೀರಿಯಾಗಳೇ ಪ್ಲೇಟಿನಲ್ಲಿ ಬೆಳೆಯುವುದಿಲ್ಲ. ನೀರಿನಿಂದ ರಂಜಕ ತೆಗೆಯುವ ಅಕ್ಯುಮ್ಯುಲಿಬ್ಯಾಕ್ಟರ್ ಅಂಥದ್ದು. ಆಮ್ಲಜನಕವಿಲ್ಲದೆ ಅಮೋನಿಯಾವನ್ನು ನೈಟ್ರೋಜನ್ ಅನಿಲ ಮಾಡುವ ಬ್ರೊಕೇಡಿಯ ಇನ್ನೊಂದು. ನೆದರ್ಲೆಂಡ್ಸ್‌ನ ಡೆಲ್ಫ್ಟ್‌ನಲ್ಲಿ ಕಾರ್ಖಾನೆಯೊಂದರ ತ್ಯಾಜ್ಯ ನೀರಿನ ಘಟಕದಲ್ಲಿ ಈ ಪ್ರಕ್ರಿಯೆ ಕಣ್ಣಿಗೆ ಬಿತ್ತು, 1999ರಲ್ಲಿ ಬ್ಯಾಕ್ಟೀರಿಯಾ ಯಾವುದೆಂದು ಗುರುತಾಯಿತು. ಅದು ಎರಡಾಗಲು ಹತ್ತು ದಿನಕ್ಕೂ ಹೆಚ್ಚು ಬೇಕು. ಇಂಥವುಗಳಿಗೆ ಕ್ಯಾಂಡಿಡೇಟಸ್ ಎಂಬ ಮುಂಪದ ಸೇರಿಸುತ್ತಾರೆ. ವಿವರ ಇದೆ, ಶುದ್ಧ ಕಲ್ಚರ್ ಇಲ್ಲ ಎಂಬ ಸೂಚನೆ ಅದು.

ನಿಮ್ಮದೂ ಹಾಗೇ ಆದರೆ ಸ್ಲಡ್ಜ್‌ನ ಒಟ್ಟು ಡಿಎನ್‌ಎ ಸೀಕ್ವೆನ್ಸ್ ಮಾಡಿಸಿ, ಕಂಪ್ಯೂಟರಿನಲ್ಲಿ ಒಂದೊಂದೇ ಜೀನೋಮ್ ಬಿಡಿಸಿಕೊಳ್ಳಬಹುದು. 90 ಪರ್ಸೆಂಟ್‌ಗಿಂತ ಹೆಚ್ಚು ಪೂರ್ತಿ, 5ಕ್ಕಿಂತ ಕಡಿಮೆ ಬೆರಕೆ ಮತ್ತು ಒಳಗೆ 16ಎಸ್ ಜೀನ್ ಇರುವ ಜೀನೋಮ್ ಹುಡುಕಿ. 16ಎಸ್ ಇಲ್ಲದ ಜೀನೋಮನ್ನು ಹಳೆಯ ದಾಖಲೆಗಳ ಜೊತೆ ತಾಳೆ ಹಾಕುವುದು ತುಂಬಾ ಕಷ್ಟ. ಡೆನ್ಮಾರ್ಕಿನ ಆಲ್ಬೋರ್ಗ್ ವಿಶ್ವವಿದ್ಯಾಲಯದ ಮಿಡಾಸ್ ಡೇಟಾಬೇಸ್ ಸ್ಲಡ್ಜ್ ಬ್ಯಾಕ್ಟೀರಿಯಾಗಳಿಗೆಂದೇ ಇದೆ, ಹೆಸರಿಲ್ಲದವಕ್ಕೂ ಅದರಲ್ಲಿ ತಾತ್ಕಾಲಿಕ ಹೆಸರು ಇರುತ್ತದೆ. ಮೊದಲು ಅಲ್ಲಿ ನೋಡಿ. ಅಲ್ಲೂ ಹೊಂದದಿದ್ದರೆ 2022ರಲ್ಲಿ ಶುರುವಾದ ಸೀಕ್‌ಕೋಡ್ ವ್ಯವಸ್ಥೆಯಲ್ಲಿ ಜೀನೋಮನ್ನೇ ಟೈಪ್ ಆಗಿಟ್ಟು ಹೆಸರು ನೋಂದಾಯಿಸಬಹುದು. ಕಲ್ಚರ್ ಬೇಡುವ ಹಳೆಯ ನಿಯಮಾವಳಿಯೇ ಬೇರೆ, ಇದೇ ಬೇರೆ. ಹಾಗಾಗಿ ಯಾವ ನಿಯಮದಡಿ ಹೆಸರಿಡುತ್ತಿದ್ದೀರಿ ಎಂದು ಪ್ರಬಂಧದಲ್ಲಿ ಸ್ಪಷ್ಟವಾಗಿ ಬರೆಯಿರಿ. ಜೊತೆಗೆ ಅದರ 16ಎಸ್‌ಗೆ ಮಾತ್ರ ಅಂಟುವ ಹೊಳೆಯುವ ಪ್ರೋಬ್ (ಬಣ್ಣ ಕಟ್ಟಿದ ಚಿಕ್ಕ ಡಿಎನ್‌ಎ ತುಣುಕು) ತಯಾರಿಸಿ, ಸ್ಲಡ್ಜ್‌ಗೆ ಹಾಕಿ ಫ್ಲೋರೆಸೆನ್ಸ್ ಮೈಕ್ರೊಸ್ಕೋಪಿನಲ್ಲಿ ನೋಡಿ. ಕೋಶದ ಆಕಾರ ಏನು, ಫ್ಲಾಕ್‌ನ ಒಳಗಿದೆಯೋ ಅಂಚಿನಲ್ಲಿದೆಯೋ ಎಂಬ ವಿವರ ಜೀನೋಮಿನಿಂದ ಸಿಗುವುದಿಲ್ಲ.